ಒಂದೇ ಡಿಸ್ಟಿಲರಿ, ಬೇರೆ ಬೇರೆ ಬಾಟ್ಲಿಂಗ್: ಸ್ಕಾಚ್ ಸಿಂಗಲ್ ಮಾಲ್ಟ್ ಪಕ್ಕಪಕ್ಕ ಇಟ್ಟು ರುಚಿ ನೋಡೋದು ಹೇಗೆ

ಸಿಂಗಲ್ ಮಾಲ್ಟ್ ವಿಸ್ಕಿ ಕುಡಿಯೋರು ಸಾಮಾನ್ಯವಾಗಿ ಒಂದು ಬಾಟಲಿ ಮುಗಿಸಿ ಇನ್ನೊಂದಕ್ಕೆ ಹೋಗ್ತಾರೆ, ಆಮೇಲೆ ಯಾವಾಗ್ಲೋ ಕುಡಿದಿದ್ದನ್ನ ನೆನಪು ಮಾಡ್ಕೊಂಡು ಇದಕ್ಕಿಂತ ಅದೇ ಚೆನ್ನಾಗಿತ್ತು ಅಂತಾರೆ. ರುಚಿಯ ನೆನಪು ಅಷ್ಟು ಗಟ್ಟಿ ಅಲ್ಲ. ಎರಡು ಗ್ಲಾಸ್ ಅಕ್ಕಪಕ್ಕ ಇಟ್ಟು ಒಂದೇ ಹೊತ್ತಲ್ಲಿ ನೋಡಿದ್ರೆ ಮಾತ್ರ ವ್ಯತ್ಯಾಸ ಸರಿಯಾಗಿ ಸಿಗತ್ತೆ, ಎರಡೂ ಒಂದೇ ಡಿಸ್ಟಿಲರಿದಾಗಿದ್ರೆ, ಅಂದ್ರೆ ಒಂದೇ ಕಡೆ ಭಟ್ಟಿ ಇಳಿಸಿದ್ದಾದ್ರೆ, ಇನ್ನೂ ಒಳ್ಳೇದು.

ಯಾಕೆ ಅಂದ್ರೆ, 2009ರ ಸ್ಕಾಚ್ ವಿಸ್ಕಿ ನಿಯಮಗಳ ಪ್ರಕಾರ ಸಿಂಗಲ್ ಮಾಲ್ಟ್ ಅನ್ನೋದು ಒಂದೇ ಡಿಸ್ಟಿಲರಿಯಲ್ಲಿ, ಬರೀ ಮೊಳಕೆ ಬರಿಸಿದ ಬಾರ್ಲಿಯಿಂದ, ಪಾಟ್ ಸ್ಟಿಲ್ ಅನ್ನೋ ಹಂಡೆಯಲ್ಲಿ ಭಟ್ಟಿ ಇಳಿಸಿ, 700 ಲೀಟರ್‌ಗಿಂತ ದೊಡ್ಡದಲ್ಲದ ಓಕ್ ಪೀಪಾಯಿಯಲ್ಲಿ ಸ್ಕಾಟ್ಲೆಂಡಲ್ಲೇ ಕಡಿಮೆ ಅಂದ್ರೂ 3 ವರ್ಷ ಮಾಗಿರ್ಬೇಕು, ಬಾಟಲಿಗೆ ಹೋಗುವಾಗ ಆಲ್ಕೋಹಾಲ್ 40% ಆದ್ರೂ ಇರ್ಬೇಕು. ಅಂದ್ರೆ ಡಿಸ್ಟಿಲರಿ ಒಂದೇ ಆದ್ರೆ ಮೂಲ ಸ್ಪಿರಿಟ್ ಸುಮಾರಾಗಿ ಒಂದೇ, ಬದಲಾಗೋದು ಪೀಪಾಯಿ, ವಯಸ್ಸು, ಸ್ಟ್ರೆಂತ್ (ಆಲ್ಕೋಹಾಲ್ ಎಷ್ಟು ಶೇಕಡ ಅನ್ನೋದು), ಫಿಲ್ಟರ್ ಮಾಡಿದ್ದಾರಾ ಇಲ್ವಾ ಅನ್ನೋದು. ಇದ್ರಲ್ಲಿ ಆದಷ್ಟು ಒಂದೇ ಒಂದು ಬದಲಾಗೋ ಹಾಗೆ ಜೋಡಿ ಆರಿಸ್ಕೊಳ್ಳಿ.

ಪೀಪಾಯಿ ಏನು ಮಾಡತ್ತೆ ಅಂತ ನೋಡೋಕೆ ಮೆಕ್ಯಾಲನ್ 12 ಶೆರಿ ಓಕ್ ಮತ್ತು ಮೆಕ್ಯಾಲನ್ 12 ಡಬಲ್ ಕಾಸ್ಕ್ ಒಳ್ಳೆ ಜೋಡಿ, ಎರಡಕ್ಕೂ 12 ವರ್ಷ, ಎರಡೂ ಶೆರಿ ಅನ್ನೋ ಸ್ಪೇನಿನ ವೈನ್ ಹಾಕಿಟ್ಟಿದ್ದ ಪೀಪಾಯಿಯದ್ದೇ, ಆದ್ರೆ ಡಬಲ್ ಕಾಸ್ಕ್‌ನಲ್ಲಿ ಅಮೆರಿಕನ್ ಓಕ್ ಜಾಸ್ತಿ ಮಾತಾಡತ್ತೆ, ವೆನಿಲಾ ಜೇನು ಕಡೆ ಹೋಗತ್ತೆ, ಇನ್ನೊಂದರಲ್ಲಿ ಒಣದ್ರಾಕ್ಷಿ, ಲವಂಗ, ಸ್ವಲ್ಪ ಒಗರು. ವಿಸ್ಕಿಯಲ್ಲಿ ಹೊಗೆ ವಾಸನೆ ಇಷ್ಟ ಇರೋರು ಸ್ಕಾಟ್ಲೆಂಡಿನ ಐಲಾ ದ್ವೀಪದ ಲಫ್ರೋಯ್ಗ್ 10 ಜೊತೆ ಅದೇ ಡಿಸ್ಟಿಲರಿಯ ಕ್ವಾರ್ಟರ್ ಕಾಸ್ಕ್ ಇಡಿ. ಅದನ್ನ ಕೊನೇಲಿ ಚಿಕ್ಕ ಪೀಪಾಯಿಗೆ ಹಾಕಿರ್ತಾರೆ, ಚಿಕ್ಕ ಪೀಪಾಯಿಯಲ್ಲಿ ವಿಸ್ಕಿಗೆ ಮರ ಜಾಸ್ತಿ ತಾಗತ್ತೆ, ಹಾಗಾಗಿ ಪೀಟ್ (ಬಾರ್ಲಿ ಒಣಗಿಸೋಕೆ ಉರಿಸೋ ಜೌಗು ಮಣ್ಣು) ಹೊಗೆಯ ಜೊತೆ ಮರದ ಸಿಹಿನೂ ಎದ್ದು ಕಾಣತ್ತೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಕಲಿಸೋ ಜೋಡಿ ಕುಲ್ ಈಲಾ 12 ಮತ್ತು ಯಾವುದಾದ್ರೂ ಇಂಡಿಪೆಂಡೆಂಟ್ ಬಾಟ್ಲರ್ ತಂದ ಸಿಂಗಲ್ ಕಾಸ್ಕ್, ಅಂದ್ರೆ ಒಂದೇ ಪೀಪಾಯಿಯಿಂದ ತುಂಬಿದ, ಕುಲ್ ಈಲಾ. ಕುಲ್ ಈಲಾ ಡಿಸ್ಟಿಲರಿಯ ವಿಸ್ಕಿಯ ಬಹುಪಾಲು ಬ್ಲೆಂಡ್‌ಗಳಿಗೆ (ಹಲವು ಡಿಸ್ಟಿಲರಿಗಳ ವಿಸ್ಕಿ ಬೆರೆಸಿದ್ದಕ್ಕೆ) ಹೋಗತ್ತೆ, ಅದಕ್ಕೇ ಹೊರಗಿನ ಬಾಟ್ಲರ್‌ಗಳ ಕೈಗೂ ಪೀಪಾಯಿ ಸುಮಾರಾಗಿ ಸಿಗತ್ತೆ.

ಇಂಡಿಪೆಂಡೆಂಟ್ ಬಾಟ್ಲರ್ ಅಂದ್ರೆ ಡಿಸ್ಟಿಲರಿಯಿಂದ ಸ್ಪಿರಿಟ್ ಅಥವಾ ಪೀಪಾಯಿ ಕೊಂಡು ತಮ್ಮ ಹೆಸರಲ್ಲಿ ಬಾಟಲಿ ಮಾಡೋರು. 1842ರ ಕೇಡನ್‌ಹೆಡ್, 1895ರಲ್ಲಿ ಎಲ್ಗಿನ್‌ನಲ್ಲಿ ಶುರುವಾದ ಗಾರ್ಡನ್ ಅಂಡ್ ಮೆಕ್‌ಫೇಲ್, 1988ರ ಸಿಗ್ನೇಟರಿ ಇವೆಲ್ಲ ಆ ಸಾಲಿನವು. ಇವರ ಲೇಬಲ್ ಓದೋದನ್ನ ಕಲೀಲೇಬೇಕು: ಭಟ್ಟಿ ಇಳಿಸಿದ ವರ್ಷ, ಬಾಟಲಿ ಮಾಡಿದ ವರ್ಷ, ಪೀಪಾಯಿ ನಂಬರ್, ಒಟ್ಟು ಎಷ್ಟು ಬಾಟಲಿ. ಹಾಗ್ಸ್‌ಹೆಡ್ ಅನ್ನೋ ಪೀಪಾಯಿ ಸುಮಾರು 250 ಲೀಟರ್, ಶೆರಿ ಬಟ್ ಅನ್ನೋದು ಸುಮಾರು 500 ಲೀಟರ್, ಹಾಗಾಗಿ ಸಿಂಗಲ್ ಕಾಸ್ಕ್ ಅಂತ ಬರೆದು 550 ಬಾಟಲಿ ಅಂತಿದ್ರೆ ಅದು ಹಾಗ್ಸ್‌ಹೆಡ್ ಆಗಿರೋಕೆ ಸಾಧ್ಯ ಇಲ್ಲ. ರೀಫಿಲ್ ಅಂತಿದ್ರೆ ಆ ಪೀಪಾಯಿ ಮೊದ್ಲೇ ವಿಸ್ಕಿ ಮಾಗಿಸಿದೆ, ಮರದ ಜೋರು ಕಡಿಮೆ, ಡಿಸ್ಟಿಲರಿಯ ಸ್ವಂತ ಗುಣ ಚೆನ್ನಾಗಿ ಗೊತ್ತಾಗತ್ತೆ. ವಯಸ್ಸು ಅಂತ ಹಾಕಿರೋದು ಬಾಟಲಿಯಲ್ಲಿರೋದ್ರಲ್ಲಿ ಅತಿ ಕಡಿಮೆ ವರ್ಷ ಮಾಗಿದ ವಿಸ್ಕಿಯ ವಯಸ್ಸು. ಬಣ್ಣ ಮಾತ್ರ ನಂಬ್ಬೇಡಿ, ಇ150ಎ ಅನ್ನೋ ಕ್ಯಾರಮೆಲ್ ಬಣ್ಣ ಸೇರಿಸೋಕೆ ನಿಯಮದಲ್ಲೇ ಅವಕಾಶ ಇದೆ.

ಈಗ ತಯಾರಿ. ಇವತ್ತು ಸೀಲ್ ಒಡೆದ ಬಾಟಲಿನ ಆರು ತಿಂಗಳಿಂದ ಕಾಲುಭಾಗ ಉಳ್ಕೊಂಡಿರೋ ಬಾಟಲಿ ಜೊತೆ ಹೋಲಿಸೋದು ನ್ಯಾಯ ಅಲ್ಲ, ಗಾಳಿ ತಾಗಿ ವಿಸ್ಕಿ ಬದಲಾಗಿರತ್ತೆ. ಎರಡನ್ನೂ ಒಂದೇ ದಿನ ಓಪನ್ ಮಾಡಿ, ಇಲ್ಲಾಂದ್ರೆ ಓಪನ್ ಮಾಡಿದ ದಿನವೇ ಚಿಕ್ಕ ಗಾಜಿನ ಶೀಶೆಗೆ ಕಂಠಪೂರ್ತಿ ತುಂಬಿ ಎತ್ತಿಡಿ. ಬಾಯಿ ಕಿರಿದಾದ ಒಂದೇ ತರದ ಗ್ಲಾಸ್, ಸೋಪಿನ ವಾಸನೆ ಇಲ್ಲದ್ದು, ಒಂದೊಂದಕ್ಕೂ 15ರಿಂದ 20 ಎಂಎಲ್, ಒಂದು ಸಲಕ್ಕೆ ಮೂರು ಹೆಚ್ಚಂದ್ರೆ ನಾಲ್ಕು ವಿಸ್ಕಿ ಸಾಕು, ಅದಕ್ಕಿಂತ ಮೇಲೆ ಹೋದ್ರೆ ಮೂಗು ನಾಲಗೆ ಎರಡೂ ಮರಗಟ್ಟತ್ತೆ. ಉಗಿಯೋದ್ರಲ್ಲಿ ಅವಮಾನ ಏನಿಲ್ಲ. ಐಸ್ ಬೇಡ, ತಣ್ಣಗಾದ್ರೆ ವಾಸನೆ ಏಳಲ್ಲ.

ತುಂಬಾ ಜನ ಬಿಟ್ಟುಬಿಡೋ ವಿಷಯ ಸ್ಟ್ರೆಂತ್. 43% ವಿಸ್ಕಿ ಪಕ್ಕ 60% ಇಟ್ರೆ ನೀವು ಹೋಲಿಸ್ತಿರೋದು ಆಲ್ಕೋಹಾಲ್‌ನ ಘಾಟನ್ನ, ವಿಸ್ಕಿನ ಅಲ್ಲ. ಮೊದಲು ಎರಡನ್ನೂ ಹಾಗೇ ಒಂದ್ಸಲ ನೋಡಿ, ಆಮೇಲೆ ಜೋರಿರೋದನ್ನ ನೀರು ಹಾಕಿ ಕೆಳಗಿಳಿಸಿ. ಲೆಕ್ಕ ಸುಲಭ: ಎಂಎಲ್‌ನ ಈಗಿನ ಸ್ಟ್ರೆಂತ್‌ನಿಂದ ಗುಣಿಸಿ, ಬೇಕಾದ ಸ್ಟ್ರೆಂತ್‌ನಿಂದ ಭಾಗಿಸಿ, ಬಂದದ್ದರಲ್ಲಿ ಮೊದಲಿದ್ದ ಎಂಎಲ್ ಕಳೆದ್ರೆ ಹಾಕ್ಬೇಕಾದ ನೀರು. 20 ಎಂಎಲ್ 60% ಇದ್ದು 46% ಬೇಕು ಅಂದ್ರೆ 1200ನ್ನ 46ರಿಂದ ಭಾಗಿಸಿದ್ರೆ ಸುಮಾರು 26, ಅಂದ್ರೆ 6 ಎಂಎಲ್ ನೀರು. ಸೂಜಿ ಇಲ್ಲದ ಸಿರಿಂಜ್ ಇದ್ರೆ ಕೆಲಸ ಸಲೀಸು. ನೀರು ಹಾಕಿದ್ರೆ ಮಾಲ್ಟ್ ಕೆಡತ್ತೆ ಅನ್ನೋ ಮಾತು ತಲೆಯಿಂದ ತೆಗೀರಿ. ಹೊಗೆ ವಾಸನೆ ಕೊಡೋ ಗ್ವಾಯಕಾಲ್ ಅನ್ನೋ ಅಂಶ ನೀರು ಹಾಕಿದಾಗ ದ್ರವದ ಮೇಲ್ಮೈಗೆ ಬರತ್ತೆ ಅಂತ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದವರು 2017ರಲ್ಲಿ ಕಂಪ್ಯೂಟರ್ ಸಿಮ್ಯುಲೇಶನ್ ಮಾಡಿ ತೋರಿಸಿದ್ದಾರೆ. ನೀರು ಬಿದ್ದಾಗ ವಿಸ್ಕಿ ಸ್ವಲ್ಪ ಮಸುಕಾದ್ರೆ ಗಾಬರಿ ಬೇಡ, ಚಿಲ್ ಫಿಲ್ಟರ್ (ತಣ್ಣಗೆ ಮಾಡಿ ಸೋಸೋದು) ಮಾಡಿಲ್ಲ ಅನ್ನೋದರ ಸೂಚನೆ ಅದು.

ಹತ್ತು ನಿಮಿಷ ಗ್ಲಾಸಲ್ಲೇ ಬಿಡಿ. ಮೂಗನ್ನ ಒಳಗೆ ತುರುಕ್ಬೇಡಿ, ಬಾಯಿ ಸ್ವಲ್ಪ ತೆರೆದು ಅಂಚಿನ ಮೇಲಿಂದ ನಿಧಾನ ಎಳ್ಕೊಳ್ಳಿ. ಒಂದು ಗ್ಲಾಸ್, ಇನ್ನೊಂದು, ಮತ್ತೆ ಮೊದಲನೇದು, ಹೀಗೆ ಹೋಗಿ ಬಂದು ಮಾಡಿದಾಗ್ಲೇ ಒಂದರಲ್ಲಿರೋದು ಇನ್ನೊಂದರಲ್ಲಿ ಇಲ್ಲ ಅಂತ ಹೊಳೆಯೋದು. ಗುಟುಕು ಚಿಕ್ಕದಿರ್ಲಿ, ನಾಲಗೆ ಪೂರ್ತಿ ಹರಡೋವರೆಗೂ ಬಾಯಲ್ಲೇ ಇಟ್ಕೊಂಡು ನುಂಗಿದ್ಮೇಲೆ ಮೂಗಿಂದ ಉಸಿರು ಬಿಡಿ, ಅರ್ಧ ಪರಿಮಳ ಅಲ್ಲೇ ಸಿಗೋದು. ಹೊಗೆ ಇಲ್ಲದ್ದು ಮೊದಲು, ಪೀಟ್ ಇರೋದು ಆಮೇಲೆ. ಖಾಲಿ ಗ್ಲಾಸ್ ತಕ್ಷಣ ತೊಳೀಬೇಡಿ, ಆಲ್ಕೋಹಾಲ್ ಆರಿದ ಮೇಲೆ ಮರದ್ದೂ ಹೊಗೆಯದ್ದೂ ವಾಸನೆ ಬಿಡಿಯಾಗಿ ಕಾಣತ್ತೆ.

ಇಷ್ಟಾದ್ರೂ ಲೇಬಲ್ ಕಣ್ಣೆದುರಿಗೆ ಇದ್ರೆ ದುಬಾರಿ ಬಾಟಲಿನೇ ರುಚಿ ಅನ್ಸತ್ತೆ, ಅದು ಯಾರಿಗಾದ್ರೂ ಆಗೋದೇ. ಅದಕ್ಕೆ ಮೂರು ಗ್ಲಾಸಿನ ಪರೀಕ್ಷೆ ಮಾಡಿ. ಬೇರೆಯವರಿಗೆ ಹೇಳಿ ಎರಡು ಗ್ಲಾಸಿಗೆ ಒಂದೇ ವಿಸ್ಕಿ, ಮೂರನೇದಕ್ಕೆ ಇನ್ನೊಂದು ಹಾಕಿಸಿ, ಬಣ್ಣ ಕಾಣ್ದೆ ಇರೋಕೆ ದೀಪ ಮಂದ ಮಾಡಿ, ಯಾವುದು ಬೇರೆ ಅಂತ ನೀವು ಹುಡುಕ್ಬೇಕು. ಸುಮ್ನೆ ಊಹೆ ಮಾಡಿದ್ರೂ ಮೂರರಲ್ಲಿ ಒಂದ್ಸಲ ಸರಿ ಬರತ್ತೆ, ಹಾಗಾಗಿ ಒಂದೇ ಸಲಕ್ಕೆ ನಂಬ್ಬೇಡಿ, ಬೇರೆ ಬೇರೆ ದಿನ ನಾಲ್ಕೈದು ಸಲ ಮಾಡಿ. ಅಬೆರ್ಲೋರ್ ಅಬೂನಾ ತರ ಬ್ಯಾಚ್ ನಂಬರ್ ಹಾಕಿ ಬರೋ ವಿಸ್ಕಿಗಳಲ್ಲಿ ಈ ಬ್ಯಾಚ್ ಆ ಬ್ಯಾಚ್ ಅಂತ ವಾದ ಮಾಡೋ ಮುಂಚೆ ಇದು ಬೇಕೇ ಬೇಕು.

ಬರೆದಿಡೋದು ಮಾತ್ರ ಯಾರ ಜೊತೆನೂ ಮಾತಾಡೋ ಮೊದಲೇ, ಪಕ್ಕದವರು ಕಿತ್ತಳೆ ಸಿಪ್ಪೆ ಅಂದ ತಕ್ಷಣ ನಿಮಗೂ ಕಿತ್ತಳೆ ಸಿಪ್ಪೆನೇ ಬರೋಕೆ ಶುರುವಾಗತ್ತೆ. ನೂರಕ್ಕೆ 87, 88 ಅಂತ ಮಾರ್ಕ್ಸ್ ಕೊಡೋದ್ರಲ್ಲಿ ನನಗೆ ನಂಬಿಕೆ ಇಲ್ಲ, ಯಾವುದು ಜಾಸ್ತಿ ಸಿಹಿ, ಯಾವುದು ಗಂಟಲಲ್ಲಿ ಹೆಚ್ಚು ಹೊತ್ತು ನಿಲ್ತು, ನೀರು ಹಾಕಿದ ಮೇಲೆ ಯಾವುದು ಸಪ್ಪೆ ಆಯ್ತು, ಈ ಮೂರು ಬರೆದ್ರೆ ಸಾಕು. ಜೊತೆಗೆ ಬಾಟಲಿ ಗಾಜಿನ ಮೇಲೆ ಪ್ರಿಂಟ್ ಆಗಿರೋ ಕೋಡನ್ನೂ ಬರ್ಕೊಳ್ಳಿ, ಯಾಕಂದ್ರೆ ಅದೇ ಹೆಸರಿನ ವಿಸ್ಕಿ ವರ್ಷ ಕಳೆದ ಹಾಗೆ ಬದಲಾಗತ್ತೆ: ಬುನ್ನಹಾವನ್ 12 ಮೊದಲು 40% ಇತ್ತು, 2010ರಲ್ಲಿ 46.3% ಮಾಡಿ ಚಿಲ್ ಫಿಲ್ಟರ್ ನಿಲ್ಲಿಸಿದ್ರು. ಆ ಹಳೇದು ಹೊಸದು ಎರಡೂ ಎಲ್ಲಾದ್ರೂ ಒಟ್ಟಿಗೆ ಸಿಕ್ರೆ ಬಿಡ್ಬೇಡಿ.