ಮನೆ ಚಿಕ್ಕದು, ಅಂಗಳ 843 ಎಕರೆ: ಸೆಂಟ್ರಲ್ ಪಾರ್ಕ್ ಪಕ್ಕಕ್ಕೆ ಬರುವ ಕನ್ನಡ ಕುಟುಂಬಗಳಿಗೆ

ನ್ಯೂಯಾರ್ಕಿನ ಅಪ್ಪರ್ ವೆಸ್ಟ್ ಸೈಡ್‌ಗೆ ಬರಲು ಹೊರಟವರು ನಮ್ಮ ಸಂಘಕ್ಕೆ ಫೋನ್ ಮಾಡಿದಾಗ ಮೊದಲು ಕೇಳುವುದು ಒಂದೇ ಪ್ರಶ್ನೆ. "ಇಷ್ಟು ಬಾಡಿಗೆಗೆ ಇಷ್ಟೇ ಜಾಗಾನಾ?" ಹೌದು, ಇಷ್ಟೇ. ನದಿ ದಾಟಿ ನ್ಯೂಜೆರ್ಸಿಗೆ ಹೋದರೆ ಅದೇ ದುಡ್ಡಿಗೆ ಮಹಡಿ ಮನೆ, ಗ್ಯಾರೇಜು, ಹಿತ್ತಲು ಎಲ್ಲ ಸಿಗಬಹುದು. ಅದು ಬೇಕು ಅನ್ನುವವರು ಅಲ್ಲಿಗೇ ಹೋಗುವುದು ಒಳ್ಳೆಯದು, ನಾವೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇಲ್ಲ, ಇಲ್ಲಿಗೇ ಬರುತ್ತೇವೆ ಅಂದರೆ ಒಂದು ಮಾತು. ಪಾರ್ಕನ್ನು ನಿಮ್ಮ ಮನೆಯ ಇನ್ನೊಂದು ಕೋಣೆ ಅಂತ ಲೆಕ್ಕ ಹಾಕಿದರೆ ಮಾತ್ರ ಈ ಬಾಡಿಗೆ ಗಿಟ್ಟುತ್ತದೆ. ತಿಂಗಳಿಗೊಮ್ಮೆ ಫೋಟೋ ತೆಗೆಯಲು ಹೋಗುವುದಾದರೆ ದುಡ್ಡು ದಂಡ.

ಮನೆ ಹುಡುಕುವಾಗ

ಪಾರ್ಕಿಗೆ ಮುಖ ಮಾಡಿ ನಿಂತಿರುವ ಸೆಂಟ್ರಲ್ ಪಾರ್ಕ್ ವೆಸ್ಟ್ ರಸ್ತೆಯ ದೊಡ್ಡ ಕಟ್ಟಡಗಳಿಗೆ ಮೊದಲ ದಿನವೇ ಮನಸೋಲಬೇಡಿ. 1884ರಲ್ಲಿ ಮುಗಿದ ಡಕೋಟ, 1930ರ ಸ್ಯಾನ್ ರೆಮೊ, ಇವೆಲ್ಲ ನೋಡಲು ಚೆಂದ. ಆದರೆ ಇಂಥವು ಹೆಚ್ಚಿನವು ಕೋ-ಆಪ್ ಕಟ್ಟಡಗಳು. ಅಲ್ಲಿ ಮನೆ ಕೊಂಡವರ ಕೈಗೆ ಸಿಗುವುದು ಕಟ್ಟಡದ ಕಂಪನಿಯ ಷೇರು. ಯಾರು ಒಳಗೆ ಬರಬಹುದು ಅನ್ನುವುದನ್ನು ನಿವಾಸಿಗಳ ಬೋರ್ಡ್ ತೀರ್ಮಾನಿಸುತ್ತದೆ. ಬೇಡ ಅಂದರೆ ಕಾರಣವನ್ನೂ ಹೇಳದೆ ಇರಬಹುದು. ಅಂಥ ಮನೆಯನ್ನು ಬಾಡಿಗೆಗೆ ಹಿಡಿಯುವುದಕ್ಕೂ ಬೋರ್ಡಿನ ಒಪ್ಪಿಗೆ ಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಹೋಟೆಲಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಕೂತವರಿಗೆ ಅಷ್ಟು ಪುರುಸೊತ್ತು ಎಲ್ಲಿರುತ್ತದೆ? ಬಾಡಿಗೆಗೆಂದೇ ಇರುವ ಕಟ್ಟಡಗಳನ್ನು ಹುಡುಕಿ. ಕೊಲಂಬಸ್, ಆಮ್ಸ್ಟರ್‌ಡ್ಯಾಮ್ ಅವೆನ್ಯೂ ಕಡೆ ಒಂದೆರಡು ಬ್ಲಾಕ್ ಒಳಗೆ ಹೋದರೂ ಪಾರ್ಕಿಗೆ ಐದು ನಿಮಿಷದ ನಡಿಗೆ. ಉತ್ತರಕ್ಕೆ, 100ನೇ ಬೀದಿ ದಾಟಿ ಮ್ಯಾನ್‌ಹಟನ್ ವ್ಯಾಲಿ ಕಡೆ ಹೋದರೆ ಸಾಮಾನ್ಯವಾಗಿ ಬಾಡಿಗೆ ಸ್ವಲ್ಪ ಇಳಿಯುತ್ತದೆ. ಪಾರ್ಕು ಮಾತ್ರ ಅದೇ. ಅಲ್ಲಿ ಜನಜಂಗುಳಿಯೂ ಕಡಿಮೆ.

ಕಂದು ಕಲ್ಲಿನ ಹಳೇ ಮನೆಗಳು, ಬ್ರೌನ್‌ಸ್ಟೋನ್ ಅನ್ನುತ್ತಾರಲ್ಲ, ಅವುಗಳಲ್ಲಿ ಬಹಳಷ್ಟಕ್ಕೆ ಲಿಫ್ಟ್ ಇರುವುದಿಲ್ಲ. ನಾಲ್ಕನೇ ಮಹಡಿಗೆ ಮಗು, ಸ್ಟ್ರಾಲರ್, ಇಪ್ಪತ್ತು ಪೌಂಡಿನ ಅಕ್ಕಿ ಚೀಲ ಹೊತ್ತು ಹತ್ತುವುದನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಊರಿನಿಂದ ಅಪ್ಪ ಅಮ್ಮ ಬರುವವರಿದ್ದರೆ ಲಿಫ್ಟ್ ಇರುವ ಮನೆಯೇ ಬೇಕು.

ದುಡ್ಡಿನ ವಿಷಯ. ನಿಮ್ಮ ವರ್ಷದ ಸಂಬಳ ತಿಂಗಳ ಬಾಡಿಗೆಯ 40 ಪಟ್ಟು ಇರಬೇಕು ಅನ್ನುವುದು ಇಲ್ಲಿನ ಮನೆ ಮಾಲೀಕರ ವಾಡಿಕೆ. ಇಲ್ಲದಿದ್ದರೆ ಜಾಮೀನುದಾರರನ್ನು ಕೇಳುತ್ತಾರೆ, ಅವರಿಗೆ 80 ಪಟ್ಟು. ಹೊಸದಾಗಿ ಬಂದವರಿಗೆ ಈ ದೇಶದಲ್ಲಿ ಕ್ರೆಡಿಟ್ ಸ್ಕೋರೇ ಇರುವುದಿಲ್ಲ. ಹಾಗಾಗಿ ಕೆಲಸದ ಪತ್ರ, ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಪಾಸ್‌ಪೋರ್ಟ್ ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ ಫೋನಿನಲ್ಲಿ ಇಟ್ಟುಕೊಳ್ಳಿ. ಒಳ್ಳೇ ಮನೆ ಬೆಳಿಗ್ಗೆ ನೋಡಿ ಸಂಜೆ ಯೋಚಿಸೋಣ ಅಂದರೆ ಸಂಜೆಗೆ ಇರುವುದಿಲ್ಲ.

ಕಾನೂನು ನಿಮ್ಮ ಕಡೆ ಇರುವ ಜಾಗಗಳನ್ನೂ ತಿಳಿದುಕೊಳ್ಳಿ. ಡೆಪಾಸಿಟ್ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಇದು 2019ರಿಂದ ರಾಜ್ಯದ ಕಾನೂನು. ಬಾಡಿಗೆ ಮನೆಯ ಅರ್ಜಿಗೆ, ನಿಮ್ಮ ಹಿನ್ನೆಲೆ ನೋಡುವುದಕ್ಕೆ ಅಂತ ವಸೂಲು ಮಾಡುವ ಹಣ 20 ಡಾಲರ್ ದಾಟುವಂತಿಲ್ಲ. 2025ರ ಜೂನ್‌ನಿಂದ ಇನ್ನೊಂದು ಬದಲಾವಣೆ ಬಂದಿದೆ: ಬ್ರೋಕರ್‌ನನ್ನು ಯಾರು ಗೊತ್ತುಮಾಡಿದರೋ ಅವರೇ ಅವನ ಫೀಸ್ ಕೊಡಬೇಕು. ಮಾಲೀಕ ಇಟ್ಟ ಬ್ರೋಕರ್‌ಗೆ ನೀವು ಕೊಡಬೇಕಾಗಿಲ್ಲ. ನಮ್ಮ ಕಾಲದಲ್ಲಿ ಈ ಫೀಸಿಗೇ ಒಂದೆರಡು ತಿಂಗಳ ಬಾಡಿಗೆಯಷ್ಟು ಕರಗಿಹೋಗುತ್ತಿತ್ತು. ಇನ್ನು, ಮನೆಯನ್ನು ಕಣ್ಣಾರೆ ನೋಡದೆ ಯಾರಿಗೂ ದುಡ್ಡು ಕಳಿಸಬೇಡಿ. ಬರುವ ಮೊದಲೇ ನೋಡಬೇಕಿದ್ದರೆ ಸಂಘದವರನ್ನು ಕೇಳಿ, ಯಾರಾದರೂ ಹೋಗಿ ವೀಡಿಯೋ ಕಾಲ್ ಮಾಡುತ್ತೇವೆ.

ಸಾಮಾನು ಸಾಗಿಸುವ ದಿನ ಕಟ್ಟಡದವರು ಲಾರಿ ಕಂಪನಿಯ ವಿಮೆ ಪತ್ರ ಕೇಳುತ್ತಾರೆ. ಅದಿಲ್ಲದೆ ಲಿಫ್ಟ್ ಕೊಡುವುದಿಲ್ಲ. ದಿನವನ್ನೂ ನೋಡಿ ಆರಿಸಿಕೊಳ್ಳಿ. ನವೆಂಬರ್ ಮೊದಲ ಭಾನುವಾರ ಮ್ಯಾರಥಾನ್ ಪಾರ್ಕಿನೊಳಗೇ ಮುಗಿಯುತ್ತದೆ. ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮೆರವಣಿಗೆ ಸೆಂಟ್ರಲ್ ಪಾರ್ಕ್ ವೆಸ್ಟ್ ಮೇಲೆಯೇ ಇಳಿದು ಹೋಗುತ್ತದೆ. ಹಿಂದಿನ ದಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಪಕ್ಕದ ಬೀದಿಗಳಲ್ಲಿ ಮೆರವಣಿಗೆಯ ದೈತ್ಯ ಬಲೂನುಗಳಿಗೆ ಗಾಳಿ ತುಂಬುತ್ತಾರೆ. ಮಕ್ಕಳಿಗೆ ಹಬ್ಬ, ಲಾರಿಯವನಿಗೆ ನರಕ.

ಒಳಗೆ ಸೇರಿದ ಮೇಲೆ

ಕಟ್ಟಡದಲ್ಲಿ ಇಬ್ಬರನ್ನು ಚೆನ್ನಾಗಿ ಪರಿಚಯ ಮಾಡಿಕೊಳ್ಳಿ. ಬಾಗಿಲಲ್ಲಿ ಇರುವ ಡೋರ್‌ಮನ್, ಮತ್ತೆ ಎಲ್ಲ ರಿಪೇರಿ ನೋಡಿಕೊಳ್ಳುವ "ಸೂಪರ್". ಹೆಸರು ಹಿಡಿದು ಮಾತಾಡಿಸಿ. ಡಿಸೆಂಬರ್ ಕೊನೆಗೆ ಇವರಿಗೆಲ್ಲ ಲಕೋಟೆಯಲ್ಲಿ ಹಣ ಇಟ್ಟು ಕೊಡುವ ರೂಢಿ ಇದೆ. ಎಷ್ಟು ಅಂತ ಪಕ್ಕದ ಮನೆಯವರನ್ನು ಕೇಳಿದರೆ ತಪ್ಪು ತಿಳಿಯುವುದಿಲ್ಲ.

ಒಗ್ಗರಣೆ ವಿಷಯ ಹೇಳಲೇಬೇಕು. ಇಲ್ಲಿನ ಎಷ್ಟೋ ಅಡುಗೆಮನೆಗಳಿಗೆ ಕಿಟಕಿ ಇಲ್ಲ. ಒಲೆ ಮೇಲಿನ ಚಿಮಣಿ ಹೊಗೆಯನ್ನು ಹೊರಗೆ ಕಳಿಸದೆ ಸುತ್ತಿಸಿ ಮತ್ತೆ ಒಳಗೇ ಬಿಡುತ್ತದೆ. ನಾವು ಬಂದ ಎರಡನೇ ವಾರ ಒಣಮೆಣಸಿನಕಾಯಿ ಒಗ್ಗರಣೆಗೆ ಹೊಗೆ ಅಲಾರಂ ಕಿರುಚಿಕೊಂಡಿತು. ಗಾಬರಿಯಲ್ಲಿ ನಾನು ಮುಂಬಾಗಿಲು ತೆರೆದೆ. ಘಾಟು ಪೂರ್ತಿ ಕಾರಿಡಾರಿಗೆ ಹೋಯಿತು. ಎದುರು ಮನೆಯ ಅಜ್ಜಿ ಕೆಮ್ಮುತ್ತಾ ಹೊರಗೆ ಬಂದರು. ಮರುದಿನ ಒಂದು ಡಬ್ಬಿ ಚಿತ್ರಾನ್ನ ಕೊಟ್ಟು ಕ್ಷಮೆ ಕೇಳಿದ್ದಾಯಿತು. ಹಾಗಾಗಿ ಮೊದಲು ಹಾಲಿನ ಕಿಟಕಿ ತೆರೆಯಿರಿ, ಆಮೇಲೆ ಎಣ್ಣೆ ಇಡಿ, ಮುಂಬಾಗಿಲು ಮುಚ್ಚಿರಲಿ. ಅಲಾರಂ ಬಿಚ್ಚಿಡುವುದು ಮಾತ್ರ ಬೇಡವೇ ಬೇಡ.

ಹಳೇ ಕಟ್ಟಡಗಳಲ್ಲಿ ಹಬೆಯ ರೇಡಿಯೇಟರ್ ಇರುತ್ತದೆ. ರಾತ್ರಿ ಯಾರೋ ಪೈಪಿಗೆ ಸುತ್ತಿಗೆ ಹೊಡೆದ ಹಾಗೆ ಸದ್ದು ಮಾಡುತ್ತದೆ. ಹೆದರಬೇಡಿ, ಪೈಪಿನೊಳಗೆ ನಿಂತ ನೀರಿಗೆ ಹಬೆ ಬಡಿಯುವ ಸದ್ದು ಅದು. ಅಕ್ಟೋಬರ್ 1ರಿಂದ ಮೇ 31ರವರೆಗೆ ಮನೆ ಬೆಚ್ಚಗಿಡುವುದು ಮಾಲೀಕರ ಹೊಣೆ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ ಇದ್ದರೆ, ಒಳಗೆ 68 ಇರಬೇಕು. ರಾತ್ರಿ ಹೊತ್ತು 62. ನಮ್ಮ ಲೆಕ್ಕದಲ್ಲಿ ಸುಮಾರು 20 ಮತ್ತು 17 ಸೆಲ್ಸಿಯಸ್. ಇಲ್ಲದಿದ್ದರೆ ಸೂಪರ್‌ಗೆ ಹೇಳಿ, ಕೇಳದಿದ್ದರೆ ನಗರಾಡಳಿತಕ್ಕೆ ದೂರು ಕೊಡುವ ನಂಬರ್ 311ಕ್ಕೆ ಫೋನ್ ಮಾಡಿ. ಇನ್ನೊಂದು, ಮನೆಯಲ್ಲಿ 10 ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಗು ಇದ್ದರೆ, ಮೂರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡದಲ್ಲಿ ಕಿಟಕಿಗೆ ಕಂಬಿ ಹಾಕಿಸಿಕೊಡುವುದು ಮಾಲೀಕರ ಕರ್ತವ್ಯ. ಕೀ ಸಿಗುವ ದಿನವೇ ಕೇಳಿ ಹಾಕಿಸಿಕೊಳ್ಳಿ. ಇದರಲ್ಲಿ ಸಂಕೋಚ ಬೇಡ.

ಅಂಗಳದ ಪರಿಚಯ

ಪಾರ್ಕು 59ನೇ ಬೀದಿಯಿಂದ 110ರವರೆಗೆ, ಸುಮಾರು 4 ಕಿಲೋಮೀಟರ್ ಉದ್ದ, 800 ಮೀಟರ್ ಅಗಲ. ಹಳೇ ಕಾಡನ್ನು ಹಾಗೇ ಉಳಿಸಿಕೊಂಡಿದ್ದಾರೆ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. 1858ರ ಸ್ಪರ್ಧೆಯಲ್ಲಿ ಗೆದ್ದ ಫ್ರೆಡ್ರಿಕ್ ಲಾ ಓಲ್ಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ ಅವರ ನಕ್ಷೆ ಇದು. ಕೆರೆಗಳೂ ಕೈಯಲ್ಲಿ ಮಾಡಿದವು. ಅವರ ಬುದ್ಧಿವಂತಿಕೆ ನಿಮಗೆ ದಿನವೂ ಕೆಲಸಕ್ಕೆ ಬರುತ್ತದೆ: ಪಾರ್ಕನ್ನು ಅಡ್ಡ ದಾಟುವ ನಾಲ್ಕು ರಸ್ತೆಗಳನ್ನು ನೆಲಮಟ್ಟದಿಂದ ಕೆಳಗೆ ತಗ್ಗಿನಲ್ಲಿ ಇಟ್ಟರು. ನೀವು ಹುಲ್ಲಿನ ಮೇಲೆ ಕೂತಿರುವಾಗ ಬಸ್ಸು ಕೆಳಗೆ ಹೋಗುತ್ತಿರುತ್ತದೆ, ಕಣ್ಣಿಗೆ ಬೀಳುವುದೇ ಇಲ್ಲ. ಪೂರ್ವದ ಕಡೆಯ ಡಾಕ್ಟರ ಹತ್ತಿರ ಹೋಗಬೇಕಾದರೆ ಎಂ79, ಎಂ86 ಥರದ ಅಡ್ಡ ಬಸ್ಸು ಹಿಡಿಯಿರಿ. ಸಬ್‌ವೇ ಪಾರ್ಕಿನ ಪಕ್ಕದಲ್ಲಿ ಬಿ ಮತ್ತು ಸಿ, ಬ್ರಾಡ್‌ವೇ ಕಡೆ 1, 2, 3. ಪಾರ್ಕಿನ ಒಳಗಿನ ಸುತ್ತುರಸ್ತೆಯಲ್ಲಿ 2018ರಿಂದ ಕಾರುಗಳಿಲ್ಲ. ಆದರೆ ಸೈಕಲ್ಲುಗಳು ಬಾಣದ ಹಾಗೆ ಬರುತ್ತವೆ. ಮಕ್ಕಳ ಕೈ ಬಿಡಬೇಡಿ.

82ರಿಂದ 89ನೇ ಬೀದಿಯ ನಡುವೆ, ಪಶ್ಚಿಮ ಅಂಚಿನಲ್ಲಿ, ಒಮ್ಮೆ ನಿಂತು ನೋಡಿ. ಅಲ್ಲಿ 1825ರಿಂದ ಸೆನೆಕಾ ವಿಲೇಜ್ ಅನ್ನುವ ಹಳ್ಳಿ ಇತ್ತು. ಇದ್ದವರಲ್ಲಿ ಹೆಚ್ಚಿನವರು ಆಫ್ರಿಕನ್ ಅಮೆರಿಕನ್ನರು. ಸ್ವಂತ ಜಾಗ, ಚರ್ಚು, ಶಾಲೆ ಎಲ್ಲ ಇದ್ದವು. ಪಾರ್ಕಿಗೆಂದು 1857ರ ಹೊತ್ತಿಗೆ ಅವರನ್ನೆಲ್ಲ ಎಬ್ಬಿಸಿದರು. ಇಂಥ ದುಬಾರಿ ವಿಳಾಸಕ್ಕೆ ಹೊಸದಾಗಿ ಬರುವ ನಮಗೆ ಇದು ಗೊತ್ತಿರಲಿ ಅಂತ ಅನ್ನಿಸುತ್ತದೆ.

ಈಗ ಎಲ್ಲಕ್ಕಿಂತ ಉಪಯೋಗದ ವಿಷಯ: ದೀಪದ ಕಂಬ. ಪ್ರತಿ ಕಂಬದ ಬುಡದಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲೆರಡು ಹತ್ತಿರದ ಬೀದಿ. ಕೊನೆಯ ಅಂಕಿ ಬೆಸವಾದರೆ ನೀವು ಪಶ್ಚಿಮದ ಕಡೆ ಇದ್ದೀರಿ, ಸಮವಾದರೆ ಪೂರ್ವ. 7213 ಅಂತ ಇದ್ದರೆ 72ನೇ ಬೀದಿ, ಪಶ್ಚಿಮ. ನಮ್ಮ ಮಾವನವರು ರ್‍ಯಾಂಬಲ್ ಕಾಡಿನೊಳಗೆ ಹಕ್ಕಿ ನೋಡುತ್ತಾ ದಾರಿ ತಪ್ಪಿದ್ದರು. ಅಲ್ಲಿ ಕಾಲುದಾರಿಗಳು ಬೇಕಂತಲೇ ಅಂಕುಡೊಂಕಾಗಿವೆ. ಫೋನಿನಲ್ಲಿ "ಇಲ್ಲಿ ಒಂದು ದೊಡ್ಡ ಬಂಡೆ ಇದೆ, ಒಂದು ಮರ ಇದೆ" ಅಂದರು. ಎಲ್ಲ ಕಡೆಯೂ ಇರುವುದು ಅದೇ ಅಲ್ವಾ! ಕಂಬದ ನಂಬರ್ ಓದಿಸಿದ ಮೇಲೆ ಹತ್ತು ನಿಮಿಷದಲ್ಲಿ ಸಿಕ್ಕರು. 911ಕ್ಕೆ ಕರೆ ಮಾಡಬೇಕಾಗಿ ಬಂದರೂ ಇದೇ ನಂಬರ್ ಹೇಳಿ. ಮಕ್ಕಳಿಗೆ ಮೊದಲ ವಾರವೇ ಕಲಿಸಿ.

ಹಿರಿಯರು ಬಂದಾಗ

ನಾಯಿ ಕಂಡರೆ ಹೆದರುವವರಿದ್ದರೆ ಬೆಳಿಗ್ಗೆ 9 ಗಂಟೆ ಆದಮೇಲೆ ಕರೆದುಕೊಂಡು ಹೋಗಿ. ಪಾರ್ಕು 6ಕ್ಕೆ ತೆರೆಯುತ್ತದೆ, 9ರವರೆಗೆ ಎಷ್ಟೋ ಜಾಗಗಳಲ್ಲಿ ನಾಯಿಗಳನ್ನು ಹಗ್ಗ ಬಿಚ್ಚಿ ಓಡಾಡಲು ಬಿಡಬಹುದು. ರಾತ್ರಿ 9ರ ಮೇಲೂ ಹಾಗೇ. ವಾಕಿಂಗಿಗೆ ರಿಸರ್ವಾಯರ್ ಸುತ್ತಿನ ದಾರಿ ಚೆನ್ನಾಗಿದೆ, ಒಂದು ಸುತ್ತು ಎರಡೂವರೆ ಕಿಲೋಮೀಟರ್. ಸೈಕಲ್, ನಾಯಿ, ಸ್ಟ್ರಾಲರ್ ಯಾವುದೂ ಇಲ್ಲ. ಅಲ್ಲಿ ಎಲ್ಲರೂ ಅಪ್ರದಕ್ಷಿಣೆಯಾಗಿ ಸುತ್ತುತ್ತಾರೆ. ನಮ್ಮ ಅಮ್ಮ ಮೊದಲ ದಿನ ಒಪ್ಪಲೇ ಇಲ್ಲ, ಪ್ರದಕ್ಷಿಣೆಯಾಗಿಯೇ ಹೋದರು. ಎದುರಿಗೆ ಓಡಿ ಬರುವವರನ್ನೆಲ್ಲ ತಪ್ಪಿಸಿಕೊಂಡು ಸುಸ್ತಾದರು.

ಪಾರ್ಕಿನಲ್ಲಿ ಮಕ್ಕಳ ಆಟದ ಜಾಗಗಳು 21 ಇವೆ. ಜೊತೆಗೆ ಮಗು ಇಲ್ಲದೆ ದೊಡ್ಡವರು ಅದರೊಳಗೆ ಹೋಗುವಂತಿಲ್ಲ. ತಾತ ಸುಮ್ನೆ ಬೆಂಚಿದೆ ಅಂತ ಒಬ್ಬರೇ ಹೋಗಿ ಕೂತರೆ ಎಬ್ಬಿಸುತ್ತಾರೆ, ಅವಮಾನ ಆಯಿತು ಅಂತ ಅವರು ನೊಂದುಕೊಳ್ಳುತ್ತಾರೆ. ಮೊದಲೇ ಹೇಳಿಡಿ. ಪೂಜೆಗೆ ಅಂತ ಒಂದು ಹೂವನ್ನೂ ಕೀಳುವಂತಿಲ್ಲ. ಏಪ್ರಿಲ್‌ನಲ್ಲಿ ಚೆರ್ರಿ ಮರಗಳ ಕೆಳಗೆ ಹೂವು ಹಾಸಿಕೊಂಡು ಬಿದ್ದಿರುವಾಗ ಅಮ್ಮಂದಿರ ಕೈ ತಡೆಯುವುದು ಕಷ್ಟ, ಗೊತ್ತು. ಗಣೇಶನನ್ನು ಇಲ್ಲಿನ ಕೆರೆಗೆ ಬಿಡುವುದೂ ಬೇಡ. ಮನೆಯಲ್ಲಿ ಬಕೆಟ್ಟಿನಲ್ಲಿ ಬಿಡಿ. ದೇವಸ್ಥಾನಕ್ಕೆ ಹೋಗಬೇಕೆಂದರೆ ಕ್ವೀನ್ಸ್‌ನ ಫ್ಲಶಿಂಗ್‌ನಲ್ಲಿ ಗಣೇಶ ದೇವಸ್ಥಾನವಿದೆ. ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ದೋಸೆ ಸಿಗುತ್ತದೆ. ಬರುವಾಗ ದಾರಿಯಲ್ಲಿ ಜ್ಯಾಕ್ಸನ್ ಹೈಟ್ಸ್‌ನ 74ನೇ ಬೀದಿಯಲ್ಲಿ ಇಳಿದು ತೊಗರಿಬೇಳೆ, ಕರಿಬೇವು ತಂದುಬಿಡಿ.

ಮಕ್ಕಳು

ಸರ್ಕಾರಿ ಶಾಲೆ ನಿಮ್ಮ ವಿಳಾಸದ ಮೇಲೆ ನಿಲ್ಲುತ್ತದೆ. ಒಂದೇ ಬೀದಿಯ ಆಚೆ ಈಚೆ ಬೇರೆ ಶಾಲೆ ಬರಬಹುದು. ಆದ್ದರಿಂದ ಲೀಸಿಗೆ ಸಹಿ ಹಾಕುವ ಮೊದಲೇ ಆ ವಿಳಾಸ ಯಾವ ಶಾಲೆಗೆ ಸೇರುತ್ತದೆ ಅಂತ ನೋಡಿ. ಯಾವ ವರ್ಷ ಮಗುವಿಗೆ 5 ತುಂಬುತ್ತದೋ ಆ ವರ್ಷ ಕಿಂಡರ್‌ಗಾರ್ಟನ್. ಲಸಿಕೆಯ ಚೀಟಿಯನ್ನು ಊರಿನಿಂದಲೇ ಇಂಗ್ಲಿಷಿನಲ್ಲಿ ಬರೆಸಿಕೊಂಡು ಬನ್ನಿ.

ಮಳೆ ದಿನಕ್ಕೆ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಪಕ್ಕದಲ್ಲೇ ಇದೆ. ನ್ಯೂಯಾರ್ಕ್ ರಾಜ್ಯದ ನಿವಾಸಿಗಳು ಟಿಕೆಟಿಗೆ ತಮಗೆ ಇಷ್ಟ ಬಂದಷ್ಟು ಕೊಡಬಹುದು, ವಿಳಾಸದ ದಾಖಲೆ ತೋರಿಸಬೇಕು. ಹಿಮ 6 ಅಂಗುಲ ಬಿದ್ದರೆ ಪೂರ್ವದ ಕಡೆ ಸೀಡರ್ ಹಿಲ್‌ನಲ್ಲಿ ಜಾರುಬಂಡಿ. ಮಗಳು ಮೊದಲ ಸಲ ಅಡುಗೆಮನೆಯ ದೊಡ್ಡ ತಟ್ಟೆಯಲ್ಲಿ ಕೂತು ಜಾರಿದ್ದಳು. ತಟ್ಟೆ ಸೊಟ್ಟಗಾಗಿದೆ, ಇನ್ನೂ ಎಸೆದಿಲ್ಲ.

ಮಗುವಿನ ಹುಟ್ಟುಹಬ್ಬವನ್ನು ಪಾರ್ಕಿನಲ್ಲೇ ಮಾಡಿ, ನಿಮ್ಮ ಹಾಲಿನಲ್ಲಿ ಎಂಟು ಜನ ಹಿಡಿಸುವುದಿಲ್ಲ. 20 ಅಥವಾ ಅದಕ್ಕಿಂತ ಜಾಸ್ತಿ ಜನ ಸೇರುವುದಾದರೆ ಪಾರ್ಕ್ ಇಲಾಖೆಯ ಪರವಾನಗಿ ಬೇಕು. ಒಂದು ತಿಂಗಳು ಮುಂಚೆ ಅರ್ಜಿ ಹಾಕಿ. ಮೈಕು, ಸ್ಪೀಕರ್ ಬೇಡ. ಸಂಘದ ಯುಗಾದಿ ಊಟಕ್ಕೂ ನಾವು ಹೀಗೇ ಪರವಾನಗಿ ತೆಗೆದುಕೊಳ್ಳುತ್ತೇವೆ. ಈ ಸಲ ಅರ್ಜಿ ಬರೆಯುವ ಕೆಲಸಕ್ಕೆ ಒಬ್ಬರು ಬೇಕಾಗಿದ್ದಾರೆ. ಹೊಸಬರೇ ಆದರೂ ಪರವಾಗಿಲ್ಲ.