ಬ್ರೇಕ್ ಕೀರಲು ಸದ್ದು ಮಾಡುತ್ತಿದೆಯಾ? ಮೊದಲು ಕಿಟಕಿ ಇಳಿಸಿ

ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ‘ಕೀಂ’ ಅಂತ ಸಣ್ಣ ಸದ್ದು ಕೇಳಿದಾಗ ಪಕ್ಕದ ಬಸ್ಸಿನದು ಅಂದುಕೊಂಡೆ. ವಾರವಿಡೀ ಹಾಗೇ ಅಂದುಕೊಂಡೆ. ಒಂದು ರಾತ್ರಿ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲೂ ಅದೇ ಸದ್ದು ಬಂತು. ಅಲ್ಲಿಗೆ ಬಸ್ ಎಲ್ಲಿಂದ ಬರಬೇಕು?

ಈ ಪರೀಕ್ಷೆಗೆ ಬೇಸ್‌ಮೆಂಟೇ ಸರಿಯಾದ ಜಾಗ. ಕಿಟಕಿ ಇಳಿಸಿ, ಎಸಿ, ಹಾಡು ಎಲ್ಲ ನಿಲ್ಲಿಸಿ, ಗೋಡೆ ಪಕ್ಕ ನಿಧಾನವಾಗಿ ಹೋಗುತ್ತಾ ಬ್ರೇಕ್ ಒತ್ತಿ. ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಚಕ್ರದ ಜೊತೆ ತಿರುಗುವ ಲೋಹದ ತಟ್ಟೆಯೇ ಡಿಸ್ಕ್, ಅದನ್ನು ಒತ್ತಿ ಹಿಡಿಯುವುದು ಬ್ರೇಕ್ ಪ್ಯಾಡ್. ಎಷ್ಟೋ ಪ್ಯಾಡ್‌ಗಳಲ್ಲಿ ಒಂದು ಪುಟ್ಟ ತಗಡು ಇರುತ್ತದೆ. ಪ್ಯಾಡ್ ಸವೆದಾಗ ಅದು ಡಿಸ್ಕ್‌ಗೆ ತಾಗಿ ಕೀರಲು ಸದ್ದು ಮಾಡುತ್ತದೆ. ‘ಗರಗರ’ ಅಂದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿರಬಹುದು, ತಡಮಾಡಬೇಡಿ. ಮಳೆ ಬಂದ ಮಾರನೇ ಬೆಳಿಗ್ಗೆ ಉಜ್ಜುವ ಸದ್ದು ಬಂದು, ನಾಲ್ಕೈದು ಸಲ ಬ್ರೇಕ್ ಹಾಕುವಷ್ಟರಲ್ಲಿ ಹೋದರೆ ಅದು ಡಿಸ್ಕ್ ಮೇಲಿನ ತುಕ್ಕು ಅಷ್ಟೇ.

ಆಮೇಲೆ ಕಾಲಿನ ಕೆಲಸ. ಎಂಜಿನ್ ಆಫ್ ಮಾಡಿ ಪೆಡಲ್ ನಾಲ್ಕೈದು ಸಲ ಒತ್ತಿ, ಗಟ್ಟಿಯಾಗುತ್ತದೆ. ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್, ಅಂದರೆ ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಭಾಗ, ಕೆಲಸ ಮಾಡುತ್ತಿದೆ ಅಂತ. ಸ್ಪಂಜಿನ ಹಾಗೆ ಮೆತ್ತಗಿದ್ದರೆ ಲೈನಿನಲ್ಲಿ ಏರ್ ಹಿಡಿದಿರಬಹುದು. ಒತ್ತಿ ಹಿಡಿದಾಗ ನಿಲ್ಲದೆ ಮೆಲ್ಲಗೆ ಇಳಿಯುತ್ತಲೇ ಹೋದರೆ ಎಲ್ಲೋ ಲೀಕ್ ಇದೆ, ಇಲ್ಲವೇ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಹೋಗಿದೆ. ಆಗ ‘ಗ್ಯಾರೇಜ್ ಇಲ್ಲೇ ಇದೆಯಲ್ಲ’ ಅಂತ ಓಡಿಸಬೇಡಿ. ಟೋ ಮಾಡಿಸಿ.

ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡಿ. ಮಟ್ಟ ಕೆಳಗಿದೆ ಅಂತ ಸುಮ್ನೆ ತುಂಬಿಸಿಬಿಡುವುದು ನಾನೂ ಮಾಡಿದ ತಪ್ಪು. ಪ್ಯಾಡ್ ಸವೆದಷ್ಟೂ ಆಯಿಲ್ ಚಕ್ರದ ಬಳಿ ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಕಡೆಗೆ ಇಳಿಯುತ್ತದೆ. ಹೊಸ ಪ್ಯಾಡ್ ಹಾಕಲು, ಪ್ಯಾಡನ್ನು ಒತ್ತುವ ಪಿಸ್ಟನ್ ಹಿಂದಕ್ಕೆ ತಳ್ಳಿದಾಗ ಅದೇ ಆಯಿಲ್ ಡಬ್ಬಿಗೆ ವಾಪಸ್ ಬರುತ್ತದೆ. ತುಂಬಿಸಿಟ್ಟಿದ್ದರೆ ಉಕ್ಕಿ ಚೆಲ್ಲುತ್ತದೆ, ಪೇಂಟ್ ಕಿತ್ತು ಬರುತ್ತದೆ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೀರಿದಷ್ಟೂ ಬೇಗ ಕುದಿಯುತ್ತದೆ, ಕುದಿದರೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ: ಡಾಟ್ 4 (ಬ್ರೇಕ್ ಆಯಿಲ್‌ನ ಒಂದು ದರ್ಜೆ) ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ತಡೆಯಬೇಕು, ತೇವ ಹಿಡಿದ ಮೇಲೆ ಆ ಮಿತಿ 155. ನಂದಿ ಬೆಟ್ಟದ ಇಳಿಜಾರಿನಲ್ಲಿ ಬ್ರೇಕ್ ಮೇಲೇ ಕಾಲಿಟ್ಟು ಬರುವವರು ಇದನ್ನು ನೆನಪಿಟ್ಟುಕೊಳ್ಳಲಿ. ಸೆಕೆಂಡ್ ಗೇರಿನಲ್ಲಿ ಇಳಿಯಿರಿ. ಕಂಪನಿಯ ಪುಸ್ತಕ ಬೇರೆ ಹೇಳದಿದ್ದರೆ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸಿ. ಯಾವ ಡಾಟ್ ಅಂತ ಮುಚ್ಚಳದ ಮೇಲೇ ಬರೆದಿರುತ್ತದೆ.

ಪ್ಯಾಡ್ ನೋಡಲು ಅಲಾಯ್ ವೀಲ್ ಇದ್ದರೆ ಕಡ್ಡಿಗಳ ನಡುವೆ ಮೊಬೈಲ್ ಟಾರ್ಚ್ ಬಿಟ್ಟರೆ ಸಾಕು. ಹೊಸದು ಸುಮಾರು 10 ಮಿ.ಮೀ. ದಪ್ಪ ಇರುತ್ತದೆ. 3 ಮಿ.ಮೀ.ಗೆ ಬಂದರೆ ಬದಲಾಯಿಸಿ. ಕಾಣುವುದು ಹೊರಗಿನ ಪ್ಯಾಡ್ ಮಾತ್ರ, ಒಳಗಿನದು ಅದಕ್ಕಿಂತ ಜಾಸ್ತಿ ಸವೆದಿರಬಹುದು. ಎಡ, ಬಲ ಎರಡೂ ಒಟ್ಟಿಗೇ ಹಾಕಿಸಿ, ಒಂದೇ ಕಡೆ ಹಾಕಿದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಹಿಂದಿನ ಚಕ್ರಗಳಲ್ಲಿ ಡಿಸ್ಕ್ ಬದಲು ಮುಚ್ಚಿದ ಡ್ರಮ್ ಬ್ರೇಕ್ ಇದ್ದರೆ ಬಿಚ್ಚದೆ ಏನೂ ಗೊತ್ತಾಗುವುದಿಲ್ಲ, ಅದು ಸರ್ವಿಸ್‌ನವರಿಗೇ ಇರಲಿ. ಪ್ಯಾಡ್ ಇಷ್ಟು ಕಿಲೋಮೀಟರ್ ಬಾಳುತ್ತದೆ ಅನ್ನುವ ಲೆಕ್ಕ ನಂಬಬೇಡಿ. ಔಟರ್ ರಿಂಗ್ ರೋಡಿನಲ್ಲಿ ಹತ್ತು ಕಿಲೋಮೀಟರ್‌ಗೆ ಎಷ್ಟು ಸಲ ಬ್ರೇಕ್ ಒತ್ತುತ್ತೀರಿ, ನಿಮಗೇ ಗೊತ್ತಲ್ವಾ?

ಹೊಸ ಪ್ಯಾಡ್ ಹಾಕಿಸಿದ ದಿನ ಗಾಡಿ ಗೇರಿಗೆ ಹಾಕುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೂ ಒತ್ತಿ. ಮೊದಲ ಸಲ ಅದು ಸೀದಾ ತಳಕ್ಕೆ ಹೋಗಬಹುದು. ಅದು ಗ್ಯಾರೇಜಿನ ಒಳಗೇ ಗೊತ್ತಾಗಲಿ, ಗೇಟ್ ದಾಟಿ ಆಟೋ ಹಿಂದೆ ನಿಂತಾಗಲ್ಲ.