ಊರಿಗೆ ಬಂದು ಹಲ್ಲು ತೋರಿಸುವ ಮುನ್ನ: ಹೊರದೇಶಕ್ಕೆ ಹೊಸದಾಗಿ ಹೋದ ಕುಟುಂಬಗಳಿಗೆ ಮಾರ್ಗದರ್ಶಿ

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಗಳಿಂದಲೂ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಂದಲೂ ಹೊರದೇಶಕ್ಕೆ ಹೋಗಿ ನೆಲೆಸುವ ಕುಟುಂಬಗಳು ಮನೆ, ಶಾಲೆ, ಬ್ಯಾಂಕ್ ಖಾತೆಗಳ ಗಡಿಬಿಡಿ ಮುಗಿದ ಮೇಲೆ ನಮ್ಮ ಸಂಘದವರಲ್ಲಿ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ಹಲ್ಲುನೋವು ಬಂದರೆ ಅಲ್ಲಿಯೇ ತೋರಿಸುವುದೋ, ರಜೆಗೆ ಊರಿಗೆ ಬಂದಾಗ ಮಾಡಿಸಿಕೊಳ್ಳುವುದೋ? ನಾನು 11 ವರ್ಷ ಮಸ್ಕತ್‌ನಲ್ಲಿದ್ದು ಈಗ ಕಾರವಾರಕ್ಕೆ ಮರಳಿದ್ದೇನೆ. ಎರಡೂ ಕಡೆ ಚಿಕಿತ್ಸೆ ಪಡೆದವನೆಂಬ ಕಾರಣಕ್ಕೆ ಈ ಮಾರ್ಗದರ್ಶಿಯನ್ನು ಬರೆಯುವ ಕೆಲಸವನ್ನು ಸಂಘ ನನಗೆ ಒಪ್ಪಿಸಿದೆ. ಊರಿನಲ್ಲಿ ಖರ್ಚು ಕಡಿಮೆ ಎಂಬುದು ನಿಜ. ಆದರೆ ದರ ಕೇಳುವುದಕ್ಕೂ ಮೊದಲು ದಿನಗಳ ಲೆಕ್ಕ ಕೇಳಬೇಕು. ಎಷ್ಟು ಸಲ ಹೋಗಬೇಕು, ಒಂದು ಭೇಟಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಅಂತರ ಬೇಕು, ಕೊನೆಯ ಭೇಟಿಯ ನಂತರ ಏನಾದರೂ ತೊಂದರೆಯಾದರೆ ಮತ್ತೆ ಹೋಗಿ ತೋರಿಸಲು ರಜೆಯಲ್ಲಿ ಎಷ್ಟು ದಿನ ಉಳಿದಿರುತ್ತದೆ ಎಂಬುದು ಗೊತ್ತಾಗದೆ ಟಿಕೆಟ್ ತೆಗೆಸಬೇಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಹೋದ ಎರಡನೆಯ ವರ್ಷ ನನ್ನ ಕೆಳದವಡೆಯ ಹಲ್ಲೊಂದು ಹುಳುಕಾಗಿ ರಾತ್ರಿ ನಿದ್ದೆ ಕೆಡಿಸತೊಡಗಿತು. ಊರಿನಲ್ಲಿ ಅಗ್ಗಕ್ಕೆ ಮಾಡಿಸೋಣವೆಂದು ನೋವಿನ ಮಾತ್ರೆ ನುಂಗುತ್ತ ನಾಲ್ಕು ತಿಂಗಳು ತಳ್ಳಿದೆ. ಸಿಕ್ಕಿದ ರಜೆ 15 ದಿನ; ಅದರಲ್ಲಿ ತಂಗಿಯ ಮದುವೆ ಮುಗಿಸಿ ದವಾಖಾನೆಗೆ ಹೋಗುವ ಹೊತ್ತಿಗೆ ಉಳಿದದ್ದು ಆರು ದಿನ. ವೈದ್ಯರು ರೂಟ್ ಕೆನಾಲ್ ಮುಗಿಸಿ, ಕ್ಯಾಪ್‌ಗೆ ಅಚ್ಚು ತೆಗೆದು, ತಾತ್ಕಾಲಿಕವಾಗಿ ಸಿಮೆಂಟ್ ತುಂಬಿ ಕಳುಹಿಸಿದರು. ಲ್ಯಾಬ್‌ನಿಂದ ಕ್ಯಾಪ್ ಬಂದ ದಿನ ನಾನು ಮಸ್ಕತ್‌ನಲ್ಲಿದ್ದೆ. ಮೂರು ತಿಂಗಳ ನಂತರ, ಮನೆಯಿಂದ ಬಂದ ಚಕ್ಕುಲಿಯನ್ನು ಕಡಿಯುವಾಗ ಆ ಹಲ್ಲು ಉದ್ದಕ್ಕೆ ಸೀಳಿ ಎರಡು ಹೋಳಾಯಿತು. ಉಳಿಸಲು ಬಾರದೆ ಕೀಳಿಸಬೇಕಾಯಿತು. ನಾನು ಹಾಕಿಸಿಕೊಳ್ಳದ ಆ ಕ್ಯಾಪ್ ಒಂದು ಚಿಕ್ಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಈಗಲೂ ನಮ್ಮ ಮನೆಯ ಕಪಾಟಿನಲ್ಲಿದೆ. ಹುಳುಕು ತಿಂದು ಟೊಳ್ಳಾಗಿದ್ದ ದವಡೆ ಹಲ್ಲನ್ನು ರೂಟ್ ಕೆನಾಲ್‌ಗಾಗಿ ಮತ್ತಷ್ಟು ಕೊರೆದಿರುತ್ತಾರಾದ್ದರಿಂದ, ಮೇಲೆ ಕ್ಯಾಪ್ ಕೂರದಿದ್ದರೆ ಜಗಿಯುವ ಒತ್ತಡಕ್ಕೆ ಅದು ಒಡೆಯುವ ಸಂಭವ ಹೆಚ್ಚು ಎಂಬುದನ್ನು ಆಗ ಯಾರೂ ನನಗೆ ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆದ್ದರಿಂದ ಯಾವ ಕೆಲಸ ರಜೆಯಲ್ಲಿ ಹಿಡಿಸುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಕ್ಲೀನಿಂಗ್, ಫಿಲ್ಲಿಂಗ್, ಸರಳವಾಗಿ ಹಲ್ಲು ಕೀಳಿಸುವುದು ಒಂದೆರಡು ಭೇಟಿಗಳಲ್ಲಿ ಮುಗಿಯುತ್ತವೆ. ರೂಟ್ ಕೆನಾಲ್ ಒಂದರಿಂದ ಮೂರು ಭೇಟಿ ಬೇಡುತ್ತದೆ. ಬೇರಿನಲ್ಲಿ ಕೀವು ಇದ್ದರೆ ನಡುವೆ ಔಷಧವಿಟ್ಟು ಕಾಯಬೇಕಾಗುತ್ತದೆ. ಆಮೇಲೆ ಕ್ಯಾಪ್ ಲ್ಯಾಬ್‌ನಿಂದ ಬರಲು ಹಲವು ದಿನ ಹಿಡಿಯುತ್ತದೆ. ಇವೆಲ್ಲಕ್ಕೂ ಸೇರಿ ಮೂರು ವಾರ ಇಟ್ಟುಕೊಂಡು, ಊರಿಗೆ ಬಂದ ಮರುದಿನವೇ ಮೊದಲ ಭೇಟಿ ಮಾಡಿದರೆ ನಿಶ್ಚಿಂತೆ. ಇಂಪ್ಲಾಂಟ್‌ನ ಕತೆಯೇ ಬೇರೆ. ದವಡೆಯ ಮೂಳೆಯಲ್ಲಿ ಕೂರಿಸಿದ ಟೈಟೇನಿಯಂ ಸ್ಕ್ರೂ ಮೂಳೆಯೊಂದಿಗೆ ಬೆಸೆದುಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು, ಮೇಲ್ದವಡೆಯಲ್ಲಿ ಇನ್ನೂ ನಿಧಾನ. ಅಂದರೆ ಒಂದು ರಜೆಯಲ್ಲಿ ಸ್ಕ್ರೂ, ಮುಂದಿನ ರಜೆಯಲ್ಲಿ ಹಲ್ಲು ಎಂದು ಎರಡು ಪ್ರಯಾಣಗಳ ಯೋಜನೆ ಬೇಕು. ಒಂದೇ ವಾರದಲ್ಲಿ ಹಲ್ಲು ಸಹಿತ ಮುಗಿಸಿಕೊಡುತ್ತೇವೆ ಎಂಬ ಜಾಹೀರಾತುಗಳು ಕಣ್ಣಿಗೆ ಬೀಳುತ್ತವೆ. ಆ ವಿಧಾನ ಇದೆಯಾದರೂ ಎಲ್ಲರ ಮೂಳೆಗೂ ಅದು ಹೊಂದುವುದಿಲ್ಲ, ಮತ್ತು ಸ್ಕ್ರೂ ಸಡಿಲವಾದರೆ ನೋಡಬೇಕಾದ ವೈದ್ಯರು ಸಮುದ್ರದಾಚೆ ಇರುತ್ತಾರೆ. ಮಕ್ಕಳ ಹಲ್ಲಿಗೆ ಕ್ಲಿಪ್ ಹಾಕಿಸುವುದನ್ನಂತೂ ರಜೆಯಲ್ಲಿ ಶುರು ಮಾಡಲೇಬೇಡಿ. ಅದು ಸುಮಾರು ಒಂದೂವರೆ, ಎರಡು ವರ್ಷದ ಕೆಲಸ, ಪ್ರತಿ ನಾಲ್ಕಾರು ವಾರಕ್ಕೊಮ್ಮೆ ಬಿಗಿಸಬೇಕು, ಮತ್ತು ಒಬ್ಬರು ಹಾಕಿದ ಕ್ಲಿಪ್ಪನ್ನು ನಡುವಿನಲ್ಲಿ ವಹಿಸಿಕೊಳ್ಳಲು ಬೇರೆ ವೈದ್ಯರು ಹಿಂದೇಟು ಹಾಕುತ್ತಾರೆ.

ಊರಿನ ವಿಚಾರಕ್ಕೆ ಬರುವ ಮೊದಲು, ನೀವಿರುವ ದೇಶದಲ್ಲಿಯೇ ಸಿಗುವ ಸವಲತ್ತನ್ನು ಸರಿಯಾಗಿ ನೋಡಿಕೊಳ್ಳಿ. ಎಷ್ಟೋ ಕುಟುಂಬಗಳು ಇದನ್ನು ನೋಡದೆಯೇ ನೋವು ನುಂಗಿಕೊಂಡು ಕುಳಿತಿರುತ್ತವೆ. ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ದಂತ ಚಿಕಿತ್ಸೆಗೆ ಮೂರು ಹಂತದ ಶುಲ್ಕವಿದೆ. 2025ರ ಏಪ್ರಿಲ್‌ನಿಂದ ಜಾರಿಗೆ ಬಂದಿದ್ದ ದರದಲ್ಲಿ ಮೊದಲನೆಯದು 27.40 ಪೌಂಡ್, ಎರಡನೆಯದು 75.30, ಮೂರನೆಯದು 326.70 ಇತ್ತು. ಇದರಲ್ಲಿ ಗಮನಿಸಬೇಕಾದದ್ದು, ಶುಲ್ಕ ಒಂದೊಂದು ಹಲ್ಲಿಗಲ್ಲ, ಒಂದು ಸುತ್ತಿನ ಇಡೀ ಚಿಕಿತ್ಸೆಗೆ. ಹಾಗಾಗಿ ಮೂರು ಫಿಲ್ಲಿಂಗ್ ಹಾಗೂ ಒಂದು ರೂಟ್ ಕೆನಾಲ್ ಒಟ್ಟಿಗಿದ್ದರೂ ಎರಡನೆಯ ಹಂತದ ಹಣವೊಂದೇ. ಹದಿನೆಂಟಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳಿಗೂ ಗರ್ಭಿಣಿಯರಿಗೂ ಹೆರಿಗೆಯಾಗಿ ಒಂದು ವರ್ಷ ತುಂಬದ ತಾಯಂದಿರಿಗೂ ಅಲ್ಲಿ ಶುಲ್ಕವಿಲ್ಲ. ಕಷ್ಟವಿರುವುದು ಹೊಸಬರನ್ನು ಸೇರಿಸಿಕೊಳ್ಳುವ ಎನ್‌ಎಚ್‌ಎಸ್ ದಂತವೈದ್ಯರು ಸಿಗುವುದರಲ್ಲಿ; ಆದ್ದರಿಂದ ನೋವು ಬರುವ ತನಕ ಕಾಯದೆ, ಮನೆ ಬದಲಿಸಿದ ವಾರದಿಂದಲೇ ಸುತ್ತಲಿನ ದವಾಖಾನೆಗಳಿಗೆ ಫೋನ್ ಮಾಡಲು ತೊಡಗಿ. ಅಮೆರಿಕದಲ್ಲಿ ದಂತ ವಿಮೆಗೆ ವರ್ಷದ ಗರಿಷ್ಠ ಮಿತಿಯೊಂದು ಇರುತ್ತದೆ, ದೊಡ್ಡ ಕೆಲಸಗಳಿಗೆ ಹಲವು ತಿಂಗಳ ಕಾಯುವ ಅವಧಿಯೂ ಇರಬಹುದು. ವಿಮೆ ಸಾಲದವರು ದಂತ ವೈದ್ಯಕೀಯ ಕಾಲೇಜುಗಳ ದವಾಖಾನೆಗಳನ್ನೂ ಆದಾಯಕ್ಕೆ ತಕ್ಕಂತೆ ಶುಲ್ಕ ಪಡೆಯುವ ಸಮುದಾಯ ಆರೋಗ್ಯ ಕೇಂದ್ರಗಳನ್ನೂ ವಿಚಾರಿಸಬೇಕು. ಕೆನಡಾದಲ್ಲಿ ಖಾಸಗಿ ದಂತ ವಿಮೆ ಇಲ್ಲದ, ವಾರ್ಷಿಕ ಆದಾಯ 90,000 ಡಾಲರ್‌ಗಿಂತ ಕಡಿಮೆಯಿರುವ ಕುಟುಂಬಗಳಿಗೆ ಅಲ್ಲಿನ ಕೇಂದ್ರ ಸರ್ಕಾರದ ದಂತ ಆರೈಕೆ ಯೋಜನೆಯಿದೆ; ಅದಕ್ಕೆ ಆದಾಯ ತೆರಿಗೆ ವಿವರ ಸಲ್ಲಿಸಿರಬೇಕು.

ಗಲ್ಫ್‌ನಲ್ಲಿ ಸ್ಥಿತಿ ಹೀಗಿಲ್ಲ. ಯುಎಇಯಲ್ಲಿ ಉದ್ಯೋಗಿಗಳಿಗೆ ಆರೋಗ್ಯ ವಿಮೆ ಕೊಡಿಸುವುದು ದುಬೈ, ಅಬುಧಾಬಿಗಳಲ್ಲಿ ಮೊದಲೇ ಕಡ್ಡಾಯವಾಗಿತ್ತು, 2025ರ ಜನವರಿ 1ರಿಂದ ಉಳಿದ ಎಮಿರೇಟ್‌ಗಳಿಗೂ ಅದು ಅನ್ವಯಿಸಿದೆ. ಆದರೆ ಕಡಿಮೆ ದರ್ಜೆಯ ವಿಮೆಗಳಲ್ಲಿ ಹಲ್ಲಿನ ಕೆಲಸ ತುರ್ತು ಸಂದರ್ಭ ಬಿಟ್ಟರೆ ಸಾಮಾನ್ಯವಾಗಿ ಸೇರಿರುವುದಿಲ್ಲ. ನಮ್ಮ ಜಿಲ್ಲೆಯಿಂದ ಹೊರದೇಶಕ್ಕೆ ಹೋದವರಲ್ಲಿ ಬಹಳ ಜನ ಇರುವುದು ಅಲ್ಲಿಯೇ ಆದ್ದರಿಂದ, ಊರಿನ ಚಿಕಿತ್ಸೆ ನಿಜವಾಗಿ ಉಪಯೋಗಕ್ಕೆ ಬರುವುದೂ ಅವರಿಗೇ. ಒಂದು ಮಾತು ಮಾತ್ರ ನೆನಪಿರಲಿ: ಕೆನ್ನೆ ಊದಿಕೊಂಡು ಜ್ವರ ಬಂದಿದ್ದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾಗುತ್ತಿದ್ದರೆ ರಜೆಯ ಮಾತನ್ನೇ ಎತ್ತಬೇಡಿ. ಆ ಸೋಂಕು ಗಂಟಲಿಗೆ ಇಳಿದರೆ ಉಸಿರಿಗೇ ಅಪಾಯ. ಖರ್ಚು ಎಷ್ಟೇ ಆಗಲಿ, ಅದೇ ದಿನ ಅಲ್ಲಿಯೇ ಆಸ್ಪತ್ರೆಗೆ ಹೋಗಬೇಕು.

ನಮ್ಮ ಜಿಲ್ಲೆಯಲ್ಲಿ ಸರ್ಕಾರಿ ವ್ಯವಸ್ಥೆಯನ್ನು ಜನ ಮರೆತೇಬಿಡುತ್ತಾರೆ. ಕಾರವಾರದಲ್ಲಿ ಜಿಲ್ಲಾ ಆಸ್ಪತ್ರೆಯೂ ಆಗಿರುವ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಎಂದರೆ ನಾವೆಲ್ಲ ಕ್ರಿಮ್ಸ್ ಎನ್ನುವ ಆಸ್ಪತ್ರೆ, ಶಿರಸಿಯಲ್ಲಿ ಪಂಡಿತ ಸಾರ್ವಜನಿಕ ಆಸ್ಪತ್ರೆ, ಉಳಿದೆಡೆ ತಾಲ್ಲೂಕು ಆಸ್ಪತ್ರೆಗಳು, ಹಲ್ಲು ಪರೀಕ್ಷೆಗೂ ಕೀಳಿಸುವುದಕ್ಕೂ ಅತಿ ಕಡಿಮೆ ಖರ್ಚಿನ ದಾರಿ. ಊರಿನಲ್ಲಿರುವ ಅಪ್ಪ, ಅಮ್ಮನ ಬಳಿ ಬಿಪಿಎಲ್ ಪಡಿತರ ಚೀಟಿ ಇದ್ದರೆ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಮಾಡಿಸಿಕೊಡುವ ರಾಜ್ಯ ಸರ್ಕಾರದ ದಂತ ಭಾಗ್ಯ ಯೋಜನೆಯ ಬಗ್ಗೆ ಅಲ್ಲಿಯೇ ವಿಚಾರಿಸಿ. ಬುದ್ಧಿಹಲ್ಲಿನ ಶಸ್ತ್ರಚಿಕಿತ್ಸೆ, ಇಂಪ್ಲಾಂಟ್, ಒಸಡಿನ ಶಸ್ತ್ರಚಿಕಿತ್ಸೆಯಂಥ ದೊಡ್ಡ ಕೆಲಸಗಳಿಗೆ ದಂತ ವೈದ್ಯಕೀಯ ಕಾಲೇಜುಗಳು ಒಳ್ಳೆಯ ಆಯ್ಕೆ: ಕಾರವಾರದವರಿಗೆ ಗೋವಾದ ಬಾಂಬೋಲಿಯಲ್ಲಿರುವ ಸರ್ಕಾರಿ ಕಾಲೇಜು, ಶಿರಸಿ, ಯಲ್ಲಾಪುರದವರಿಗೆ ಧಾರವಾಡದ ಸತ್ತೂರಿನ ಎಸ್‌ಡಿಎಂ, ಭಟ್ಕಳ, ಹೊನ್ನಾವರದವರಿಗೆ ಮಣಿಪಾಲ. ಅಲ್ಲಿ ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಿದ್ಯಾರ್ಥಿ ವೈದ್ಯರು ಚಿಕಿತ್ಸೆ ಮಾಡುತ್ತಾರೆ. ಶುಲ್ಕ ಕಡಿಮೆ, ಕೆಲಸ ಅಚ್ಚುಕಟ್ಟು, ಆದರೆ ಪ್ರತಿ ಭೇಟಿಗೂ ಅರ್ಧ ದಿನ ತೆಗೆದಿಡಬೇಕು. ಗೋವಾದಲ್ಲಿ ಹೊರರಾಜ್ಯದವರಿಗೆ ಶುಲ್ಕ ಬೇರೆಯಿದೆಯೇ ಎಂದು ಹೋಗುವ ಮೊದಲೇ ಕೇಳಿಕೊಳ್ಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವವರು ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಗಲ್ಫ್‌ನ ಶಾಲೆಗಳಿಗೆ ರಜೆ ಸಿಗುವುದೂ ಅದೇ ತಿಂಗಳುಗಳಲ್ಲಿ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಹಲವು ದಿನ ಬಂದ್ ಆಗಿತ್ತು. ಮುಂದಿನ ತಿಂಗಳೇ ಕಾರವಾರ ಮತ್ತು ಗೋವಾದ ನಡುವೆ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಘಟ್ಟದ ರಸ್ತೆಗಳ ಮಾತು ಹೇಳುವುದೇ ಬೇಡ. ಆ ದಿನಗಳಲ್ಲಿ ಘಟ್ಟ ಇಳಿದು, ಹತ್ತಿ ಹೋಗಬೇಕಾದ ದವಾಖಾನೆಗಿಂತ ನಿಮ್ಮ ಊರಿನದೇ ವೈದ್ಯರು ಉತ್ತಮ. ದೂರ ಹೋಗಲೇಬೇಕಾದರೆ ಭೇಟಿಗಳ ನಡುವೆ ಎರಡು ಮೂರು ದಿನ ಸಡಿಲು ಬಿಟ್ಟುಕೊಳ್ಳಿ. ಶಿರಸಿಯವರಿಗೆ ಇನ್ನೊಂದು ಸೂಚನೆ: ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆಂದು ಬಂದಾಗಲೇ ಹಲ್ಲಿನ ಕೆಲಸವನ್ನೂ ಮುಗಿಸೋಣವೆಂದುಕೊಂಡರೆ ಪೇಟೆಯ ಜನಜಂಗುಳಿಯಲ್ಲಿ ಎರಡೂ ಸರಿಯಾಗಿ ಆಗುವುದಿಲ್ಲ.

ಇನ್ನು ಕಾಗದಪತ್ರಗಳ ವಿಷಯ. ಹೊರದೇಶದಲ್ಲಿ ತೆಗೆಸಿದ ಎಕ್ಸ್‌ರೇಯ ಪ್ರತಿಯನ್ನು ಕೇಳಿ ಪಡೆದು, ಊರಿನ ವೈದ್ಯರಿಗೆ ಒಂದು ತಿಂಗಳು ಮೊದಲೇ ಕಳುಹಿಸಿ, ಭೇಟಿಗಳ ಸಂಖ್ಯೆಯನ್ನೂ ಅಂದಾಜು ಖರ್ಚನ್ನೂ ಬರಹದಲ್ಲಿ ತರಿಸಿಕೊಳ್ಳಿ. ಆಗ ಹಲ್ಲಿನ ಸಂಖ್ಯೆಯ ಬಗ್ಗೆ ಬಹಳ ಎಚ್ಚರ ಬೇಕು. ಅಮೆರಿಕದಲ್ಲಿ ಹಲ್ಲುಗಳನ್ನು ಬಲಮೇಲಿನ ಬುದ್ಧಿಹಲ್ಲಿನಿಂದ ಆರಂಭಿಸಿ 1ರಿಂದ 32ರವರೆಗೆ ಸಾಲಾಗಿ ಎಣಿಸುತ್ತಾರೆ. ಭಾರತದಲ್ಲಿ ಬಾಯಿಯನ್ನು ನಾಲ್ಕು ಭಾಗ ಮಾಡಿ, ಮೊದಲ ಅಂಕಿ ಭಾಗಕ್ಕೂ ಎರಡನೆಯದು ಹಲ್ಲಿಗೂ ಎಂದು ಬರೆಯುವ ಪದ್ಧತಿ ಬಳಕೆಯಲ್ಲಿದೆ. ಹೀಗಾಗಿ ಅಮೆರಿಕದ ಚೀಟಿಯಲ್ಲಿ 16 ಎಂದಿದ್ದರೆ ಅದು ಎಡಮೇಲಿನ ಬುದ್ಧಿಹಲ್ಲು. ಅದೇ 16 ನಮ್ಮಲ್ಲಿ ಬಲಮೇಲಿನ ಮೊದಲ ದವಡೆ ಹಲ್ಲು, ಎಂದರೆ ಜೀವಮಾನವೆಲ್ಲ ಜಗಿಯಲು ಬೇಕಾದ ಹಲ್ಲು. ಕೀಳಬೇಕು ಎಂಬ ಸೂಚನೆಯಿರುವ ಚೀಟಿಯನ್ನು ಕೊಡುವಾಗ ಸಂಖ್ಯೆಯನ್ನು ನಂಬದೆ, ಎಡವೋ ಬಲವೋ, ಮೇಲೋ ಕೆಳಗೋ, ಹಿಂದಿನಿಂದ ಎಷ್ಟನೆಯದು ಎಂಬುದನ್ನು ಮಾತಿನಲ್ಲಿ ಬರೆಸಿ, ಕುರ್ಚಿಯಲ್ಲಿ ಕುಳಿತ ಮೇಲೆ ಕನ್ನಡಿ ಹಿಡಿದು ಬೆರಳಿಟ್ಟು ತೋರಿಸಿ. ಊರಿನಲ್ಲಿ ಮಾಡಿಸಿದ್ದಕ್ಕೆ ವಿಮೆಯ ಹಣ ಕೇಳುವವರಿಗೂ ಇದೇ ತೊಡಕು ಎದುರಾಗುವುದರಿಂದ, ಯಾವ ಹಲ್ಲಿಗೆ ಯಾವ ದಿನ ಏನು ಮಾಡಿದರು, ಎಷ್ಟು ತೆಗೆದುಕೊಂಡರು ಎಂಬುದು ಬಿಡಿಬಿಡಿಯಾಗಿರುವ ರಸೀದಿ ಪಡೆಯಿರಿ.

ಖಾಸಗಿ ದವಾಖಾನೆಯಲ್ಲಿ ದರ ಕೇಳುವಾಗ ಕ್ಯಾಪ್ ಸೇರಿದೆಯೇ, ಎಕ್ಸ್‌ರೇ ಸೇರಿದೆಯೇ, ಕ್ಯಾಪ್ ಲೋಹದ ಮೇಲೆ ಪಿಂಗಾಣಿಯದೋ ಜಿರ್ಕೋನಿಯಾದ್ದೋ ಎಂದು ಕೇಳಿ. ಒಂದು ಕಡೆಯ ದರ ಇನ್ನೊಂದು ಕಡೆಯದರ ಅರ್ಧವಾಗಿ ಕಾಣುವುದು ಎಷ್ಟೋ ಸಲ ಇಷ್ಟಕ್ಕೇ. ವೈದ್ಯರು ರಾಜ್ಯ ದಂತ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು, ದವಾಖಾನೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಹೊಂದಿರಬೇಕು. ಗೋಡೆಯ ಮೇಲಿನ ಪ್ರಮಾಣಪತ್ರವನ್ನು ಓದುವುದರಲ್ಲಿ ಸಂಕೋಚವೇನೂ ಬೇಡ. ಉಪಕರಣಗಳ ಮುಚ್ಚಿದ ಪೊಟ್ಟಣವನ್ನು ನಿಮ್ಮೆದುರೇ ಒಡೆಯುತ್ತಾರೆಯೇ ಎಂಬುದನ್ನೂ ಗಮನಿಸಿ. ಇಂಪ್ಲಾಂಟ್ ಹಾಕಿಸಿಕೊಂಡವರು ಅದರ ಕಂಪನಿ, ಅಳತೆ, ಬ್ಯಾಚ್ ಸಂಖ್ಯೆಯಿರುವ ಚೀಟಿಯನ್ನು ಪಾಸ್‌ಪೋರ್ಟ್‌ನಷ್ಟೇ ಜೋಪಾನವಾಗಿಡಬೇಕು. ಮುಂದೆ ಬೇರೆ ದೇಶದಲ್ಲಿ ಅದನ್ನು ಬಿಗಿಸಲು ಸರಿಯಾದ ಉಪಕರಣ ಯಾವುದೆಂದು ತಿಳಿಯುವುದು ಆ ಚೀಟಿಯಿಂದಲೇ.

ಹಿರಿಯರನ್ನು ಕರೆದೊಯ್ಯುವವರು ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಮೂಳೆ ಸವೆತಕ್ಕೆ ತೆಗೆದುಕೊಳ್ಳುವ ಔಷಧ ಇವೆಲ್ಲವನ್ನೂ ಕೀಳಿಸುವ ಮೊದಲೇ ಹೇಳಬೇಕು; ಯಾವುದನ್ನೂ ತಾವಾಗಿ ನಿಲ್ಲಿಸಬಾರದು. ನಮ್ಮ ಅಡಿಕೆ ಸೀಮೆಯಲ್ಲಿ ಕವಳ, ಎಂದರೆ ಎಲೆ ಅಡಿಕೆ, ಹಾಕುವುದು ದಿನದ ರೂಢಿ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿದೆ, ತಂಬಾಕು ಇಲ್ಲದಿದ್ದರೂ ಕೂಡ. ಅಪ್ಪನಿಗೋ ಆಯಿಗೋ ಖಾರ ತಿಂದರೆ ಬಾಯಿ ಉರಿಯುತ್ತಿದ್ದರೆ, ಕೈಯ ಮೂರು ಬೆರಳನ್ನು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ಇಡಲು ಹೇಳಿ ನೋಡಿ. ಬೆರಳು ಹಿಡಿಸದಷ್ಟು ಬಾಯಿ ಬಿಗಿದಿದ್ದರೆ, ಅಥವಾ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ ಇದ್ದರೆ, ಹಲ್ಲಿನ ಸೆಟ್ಟಿನ ಮಾತು ಆಮೇಲೆ. ಮೊದಲು ಅದನ್ನು ತೋರಿಸಿ.

ಮರಳುವ ಪ್ರಯಾಣಕ್ಕೆ ಮೂರು ದಿನ ಉಳಿದಿರುವಾಗ ಹಲ್ಲು ಕೀಳಿಸಬೇಡಿ. ಕಿತ್ತ ಗುಳಿಯಲ್ಲಿ ಕಟ್ಟಿದ ರಕ್ತದ ಹೆಪ್ಪು ಕಳಚಿದರೆ ಎರಡನೆಯ, ಮೂರನೆಯ ದಿನವೇ ತಡೆಯಲಾಗದ ನೋವು ಶುರುವಾಗುತ್ತದೆ. ಮೇಲ್ದವಡೆಯ ಸೈನಸ್ ಎಂಬ ಗಾಳಿಗೂಡನ್ನು ಮುಟ್ಟುವ ಶಸ್ತ್ರಚಿಕಿತ್ಸೆಯಾಗಿದ್ದರೆ ವಿಮಾನ ಹತ್ತಲು ಇನ್ನೂ ಹೆಚ್ಚು ದಿನ ಕಾಯಬೇಕು, ಎಷ್ಟೆಂಬುದನ್ನು ವೈದ್ಯರೇ ಹೇಳಬೇಕು. ಔಷಧದ ಚೀಟಿಯನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಿ. ಟ್ರಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆಗಳು ಯುಎಇಯಲ್ಲಿ ನಿಯಂತ್ರಿತ ಔಷಧಗಳು. ಅಲ್ಲಿನ ಆರೋಗ್ಯ ಇಲಾಖೆಯ ಮುಂಗಡ ಅನುಮತಿ ಇಲ್ಲದೆ ಒಯ್ದರೆ ವಿಮಾನ ನಿಲ್ದಾಣದಲ್ಲಿಯೇ ಕಾನೂನಿನ ತೊಂದರೆಗೆ ಸಿಲುಕುತ್ತೀರಿ. ಆದ್ದರಿಂದ ಔಷಧ ಬರೆಯುವಾಗಲೇ ಯಾವ ದೇಶಕ್ಕೆ ಮರಳುತ್ತೀರೆಂದು ವೈದ್ಯರಿಗೆ ತಿಳಿಸಿ, ಆ ಎರಡು ಔಷಧಗಳಿಲ್ಲದ ಮಾತ್ರೆಯನ್ನೇ ಬರೆಸಿಕೊಳ್ಳಿ.